ನಾವು ಇಳಿದೆವು, ಅವರ ಬೆಳೆ ಹೋಯಿತು

2023ರ ಆಗಸ್ಟ್ 23ರ ಸಂಜೆ, ಆರು ಗಂಟೆ ನಾಲ್ಕು ನಿಮಿಷಕ್ಕೆ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿದಾಗ ಧಾರವಾಡದ ನಮ್ಮ ಓಣಿಯಲ್ಲಿ ಹುಡುಗರು ಪಟಾಕಿ ಹಚ್ಚಿದರು. ಸದ್ದು ಅಡಗಿದ ಮೇಲೆ ಎದುರುಮನೆಯ ಹಿರಿಯರು ಹೊರಗೆ ಬಂದು ಕಟ್ಟೆಯ ಮೇಲೆ ಕೂತರು. "ಅಂತೂ ಇಳದ್ವಿ ನೋಡ್ರಿ!" ಅಂದರು. ಇಳಿದದ್ದು ಒಂದು ಯಂತ್ರ. ಇಳಿಸಿದವರು ಬೆಂಗಳೂರಿನಲ್ಲಿದ್ದರು. ಹಿರಿಯರು ನಿವೃತ್ತ ಗುಮಾಸ್ತರು. ಆದರೂ ಆ 'ಇಳದ್ವಿ'ಯಲ್ಲಿ ನನಗೆ ಸುಳ್ಳು ಕೇಳಿಸಲಿಲ್ಲ. ನನ್ನ ಗಂಟಲೂ ಕಟ್ಟಿತ್ತು.

ಅದೇ ಕಟ್ಟೆಯ ಮೇಲೆ ಮಾತು ಮಳೆಯ ಕಡೆ ಹೊರಳಿತು. ಆ ವರ್ಷ ಜೂನಿನಲ್ಲಿ ಮಳೆ ತಡ ಮಾಡಿತು, ಜುಲೈನಲ್ಲಿ ಒಮ್ಮೆಲೇ ಸುರಿಯಿತು, ಆಗಸ್ಟಿನಲ್ಲಿ ಕೈಕೊಟ್ಟಿತು. 1901ರಿಂದ ಈಚೆಗೆ ದೇಶ ಅಷ್ಟು ಒಣ ಆಗಸ್ಟ್ ಕಂಡಿರಲಿಲ್ಲ. ಮಘಾ ಮಳೆಯ ದಿನಗಳವು, ಮುಗಿಲಲ್ಲಿ ಮೋಡದ ಸುಳಿವಿಲ್ಲ. "ಪಾಪ, ಈ ಸಲ ರೈತರದು ಬಾಳ ಕಷ್ಟ ಐತಿ. ಅವರ ಹೆಸರು ಹೋತು" ಅಂದರು ಹಿರಿಯರು. ಹೌದೆಂದು ನಾನೂ ತಲೆಯಾಡಿಸಿದೆ. ಮುಂದೆ ಸೆಪ್ಟೆಂಬರ್ 13ರಂದು ಸರ್ಕಾರ 195 ತಾಲ್ಲೂಕುಗಳಲ್ಲಿ ಬರ ಘೋಷಿಸಿತು. ಕೊನೆಗೆ ಆ ಲೆಕ್ಕ 223ಕ್ಕೆ ಮುಟ್ಟಿತು.

ಒಂದೇ ಸಂಜೆ, ಒಂದೇ ಬಾಯಿ. ಚಂದ್ರನಿಗೆ 'ನಾವು', ಹೊಲಕ್ಕೆ 'ಅವರು'. ಇದು ನನಗೆ ಹೊಳೆದದ್ದು ಬಹಳ ದಿನಗಳ ಮೇಲೆ. ಹೊಳೆದ ಮೇಲೆ ಮನಸ್ಸಿನಿಂದ ಹೋಗಲೊಲ್ಲದು.

ಇದನ್ನು ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ ಎಂಬ ಹಳೆಯ ತಕರಾರು ಅಂದುಕೊಳ್ಳಬೇಡಿ. ಆ ತಕರಾರು ನನಗೆ ಒಪ್ಪಿಗೆಯಿಲ್ಲ. ಚಂದ್ರಯಾನ-3ಕ್ಕೆ ಆದ ಖರ್ಚು ಸುಮಾರು 615 ಕೋಟಿ ರೂಪಾಯಿ. ಅದನ್ನು ಉಳಿಸಿದ್ದರೆ ಆ ಆಗಸ್ಟಿನಲ್ಲಿ ಒಂದು ಹನಿಯೂ ಹೆಚ್ಚು ಬೀಳುತ್ತಿರಲಿಲ್ಲ. ಮೋಡಗಳ ಚಿತ್ರ ಕಳಿಸುವ ಉಪಗ್ರಹಗಳೂ ಅದೇ ಇಸ್ರೋದವೇ. ಮೇಲಾಗಿ, ಆಕಾಶ ನೋಡುವುದು ಹೊಟ್ಟೆ ತುಂಬಿದವರ ಚಟ ಅನ್ನುವುದೇ ತಪ್ಪು. ಮೃಗಶಿರಾ, ಆರಿದ್ರಾ, ಮಘಾ ಎಂದು ನಕ್ಷತ್ರದ ಹೆಸರಿನಲ್ಲೇ ಮಳೆ ಎಣಿಸುವ ಈ ಸೀಮೆಯ ಒಕ್ಕಲಿಗರಿಗಿಂತ ಹೆಚ್ಚು ಮುಗಿಲು ನೋಡಿದವರು ಯಾರಿದ್ದಾರೆ?

ನನ್ನ ತಕರಾರು ಇರುವುದು ಆ 'ನಾವು' ಎಲ್ಲಿಯವರೆಗೆ ಹಿಗ್ಗುತ್ತದೆ ಎಂಬುದರ ಬಗ್ಗೆ. ಸುಮಾರು ನಾಲ್ಕು ಲಕ್ಷ ಕಿಲೋಮೀಟರ್ ಹಿಗ್ಗಿದ್ದು ಬಸ್ಸಿನ ದಾರಿಯಲ್ಲಿರುವ ನವಲಗುಂದದ ಎರೆಹೊಲಕ್ಕೆ ಯಾಕೆ ಮುಟ್ಟಲಿಲ್ಲ?

ಗೆದ್ದಾಗ ಎಲ್ಲರೂ ನೆಂಟರೇ ಎಂದು ತಟ್ಟನೆ ಹೇಳಿಬಿಡಬಹುದು. ಆದರೆ ಅದು ನಿಜವಲ್ಲ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ಲ್ಯಾಂಡರ್ ನೆಲಕ್ಕೆ ಇನ್ನು 2.1 ಕಿಲೋಮೀಟರ್ ಇದೆ ಅನ್ನುವಾಗ ಮಾತು ನಿಲ್ಲಿಸಿತು. ಆಗಲೂ ಜನ 'ಅವರು ಸೋತರು' ಅನ್ನಲಿಲ್ಲ. ನಿದ್ದೆಗೆಟ್ಟು ಕೂತಿದ್ದ ಮಕ್ಕಳು ಅತ್ತರು. ಇಸ್ರೋ ಅಧ್ಯಕ್ಷ ಕೆ. ಶಿವನ್ ಕಣ್ಣೀರು ಹಾಕಿದ್ದನ್ನು ಕಂಡು ಎಷ್ಟೋ ಮನೆಗಳಲ್ಲಿ ಕಣ್ಣು ಒದ್ದೆಯಾದವು. 26 ಕಿಲೋ ತೂಕದ ಆರು ಗಾಲಿಯ ಪ್ರಜ್ಞಾನ್, ಚಂದ್ರನ ಒಂದು ಹಗಲು, ಅಂದರೆ ನಮ್ಮ ಹದಿನಾಲ್ಕು ದಿನದ ಲೆಕ್ಕದಲ್ಲಿ ಕಟ್ಟಿದ ಬಂಡಿ, ಮಲಗಿದ ಮೇಲೆ ಮತ್ತೆ ಏಳಲಿಲ್ಲ. ಎದ್ದೀತೇನೋ ಎಂದು ಜನ ಕಾದರು. ಕಬ್ಬಿಣದ ಬಂಡಿಗೂ ಮರುಗಬಲ್ಲ ಜನ ನಾವು. ಹಾಗಾದರೆ ನಮ್ಮಲ್ಲಿ ಮರುಕದ ಕೊರತೆಯಿಲ್ಲ.

ಬಹುಶಃ ಯಂತ್ರ ನಮ್ಮನ್ನು ಏನೂ ಕೇಳುವುದಿಲ್ಲ, ಅಷ್ಟೇ. ಅದರ ಸೋಲಿನಲ್ಲಿ ಪಾಲುಗೊಳ್ಳಲು ಒಂದು ರಾತ್ರಿಯ ನಿದ್ದೆ ಸಾಕು. ರೈತನ ಸೋಲು ಹಾಗಲ್ಲ, ಅದಕ್ಕೆ ಪೀಕು, ಸಾಲ, ವಿಮೆ, ದರ ಎಲ್ಲ ಅಂಟಿಕೊಂಡಿರುತ್ತವೆ. ಅಲ್ಲಿ 'ನಾವು' ಅಂದರೆ ಅಂಗಡಿಯಲ್ಲಿ ಹೆಸರುಬೇಳೆಯ ದರ ಕೇಳಿ ಹುಬ್ಬು ಗಂಟಿಕ್ಕುವ ಮೊದಲು ಒಂದು ಗಳಿಗೆ ತಡೆಯಬೇಕಾಗುತ್ತದೆ. ನಾನು ತಡೆದವನಲ್ಲ.

ಹಿರಿಯರ ಪರವಾಗಿಯೂ ಒಂದು ಮಾತು ಹೇಳಬೇಕು. ಗೇಣು ಹೊಲವಿಲ್ಲದ, ತಿಂಗಳಿಗೆ ಪಿಂಚಣಿ ಬರುವ ಮನುಷ್ಯ 'ನಮ್ಮ ಬೆಳಿ ಹೋತು' ಅಂದಿದ್ದರೆ ಹೇಗಿರುತ್ತಿತ್ತು? ಸೋಗಾಗುತ್ತಿತ್ತು. ಕಳಕೊಂಡವನ ದುಃಖವನ್ನು ಬಾಯಿಮಾತಿನಲ್ಲಿ ಕಸಿದುಕೊಂಡಂತೆ ಆಗುತ್ತಿತ್ತು. 'ಅವರ' ಅಂದದ್ದರಲ್ಲಿ ಮರ್ಯಾದೆಯೂ ಇತ್ತು. ಪರಿಚಯದವರ ಮದುವೆಯ ಸಂಭ್ರಮದಲ್ಲಿ ಹೋಗಿ ನಿಂತರೂ ಸಾಕಾಗುತ್ತದೆ. ಸಾವಿನ ಮನೆಗೆ ನಮ್ಮ ಕಡೆ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ, ಬರಿಗೈಲಿ ಹೋದವರಿಗೆ ತಮಗೇ ಕಸಿವಿಸಿ. ಆ ಸಂಜೆ ಕಟ್ಟೆಯ ಮೇಲೆ ನಾವಿಬ್ಬರೂ ಬರಿಗೈಲಿ ಇದ್ದೆವು. ಅದಕ್ಕೇ 'ಅವರು' ಅಂದೆವೋ, ಅಥವಾ 'ಅವರು' ಅಂದುಬಿಟ್ಟರೆ ಬುತ್ತಿ ಕಟ್ಟುವ ಕೆಲಸ ತಪ್ಪುತ್ತದೆ ಎಂದೋ? ಎರಡೂ ಇದ್ದಾವು.

ಎರಡು ವರ್ಷ ಕಳೆದ ಮೇಲೆ ಈ ಕಥೆಗೆ ನಾನು ಎಣಿಸದ ಒಂದು ತಿರುವು ಬಂತು. 2025ರ ಜೂನ್ 25ರಂದು ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟರು. 1984ರಲ್ಲಿ ರಾಕೇಶ್ ಶರ್ಮಾ ಹೋಗಿಬಂದ ಮೇಲೆ ಅಂತರಿಕ್ಷಕ್ಕೆ ಹೋದ ಎರಡನೆಯ ಭಾರತೀಯ ಅವರು. ಅವರ ಸಾಮಾನಿನಲ್ಲಿ ಧಾರವಾಡದಿಂದ ಹೋದ ಒಣ ಹೆಸರುಕಾಳು, ಮೆಂತ್ಯದ ಕಾಳು ಇದ್ದವು. ಇಲ್ಲಿಯ ಕೃಷಿ ವಿಶ್ವವಿದ್ಯಾಲಯದ ರವಿಕುಮಾರ ಹೊಸಮನಿ, ಐಐಟಿಯ ಸುಧೀರ ಸಿದ್ದಾಪುರೆಡ್ಡಿ ಸೇರಿ ಹೂಡಿದ ಪ್ರಯೋಗ ಅದು. ಭಾರವಿಲ್ಲದ ಕಡೆ ಕಾಳಿಗೆ ನೀರುಣಿಸಿ ಮೊಳಕೆ ಬರಿಸುವುದು, ಆಮೇಲೆ ಅದನ್ನು ಶೀತಪೆಟ್ಟಿಗೆಯಲ್ಲಿಟ್ಟು ಭೂಮಿಗೆ ತರುವುದು, ಅದರ ಸತ್ವದಲ್ಲಿ, ಅದಕ್ಕೆ ಅಂಟಿದ ಸೂಕ್ಷ್ಮಜೀವಿಗಳಲ್ಲಿ ಏನು ಬದಲಾಗಿದೆ ಎಂದು ನೋಡುವುದು. ನಮ್ಮ ಅಡುಗೆಮನೆಗಳಲ್ಲಿ ರಾತ್ರಿ ಒದ್ದೆ ಬಟ್ಟೆಯಲ್ಲಿ ಕಟ್ಟಿಡುವ ಕೆಲಸವೇ, ಆದರೆ ನೆಲದಿಂದ 400 ಕಿಲೋಮೀಟರ್ ಮೇಲೆ. ಗಗನಯಾತ್ರಿಯ ಹೆಸರು ಹುಡುಗರ ಬಾಯಲ್ಲಿ ಬಂತು, ಕಾಳು ಕಳಿಸಿದವರ ಹೆಸರು ಊರಲ್ಲೇ ಎಷ್ಟೋ ಜನಕ್ಕೆ ತಿಳಿಯಲಿಲ್ಲ. ಅದು ಇರಲಿ.

ಪತ್ರಿಕೆ ಹಿಡಿದುಕೊಂಡು ಹಿರಿಯರು ಬಂದರು. "ನೋಡಿದ್ರಿಲ್ಲೋ, ನಮ್ಮ ಹೆಸರುಕಾಳು ಹೋಗ್ಯಾವ ಮ್ಯಾಲೆ!"

ನಮ್ಮ ಹೆಸರುಕಾಳು. 2023ರಲ್ಲಿ ಹೊಲದಲ್ಲಿ ಒಣಗಿದ್ದೂ ಇದೇ ಹೆಸರು, ಆಗ ಅದು ಅವರದಾಗಿತ್ತು. ಇದನ್ನು ಹಿರಿಯರಿಗೆ ಹೇಳಲೋ ಬೇಡವೋ ಎಂದು ನಾಲ್ಕು ದಿನ ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆ. ಖುಷಿಯಲ್ಲಿದ್ದವರ ಬಾಯಿಗೆ ಮಣ್ಣು ಹಾಕಿದಂತಾದೀತು ಎಂಬ ಅಂಜಿಕೆ. ಹೇಳಲು ನಾನು ಯಾರು ಎಂಬುದೂ ಇತ್ತು, ಅವತ್ತು ತಲೆಯಾಡಿಸಿದ್ದು ನಾನೇ. ಆದರೂ ಒಂದು ಸಂಜೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು ಸುಮ್ಮನೆ ಕೂತರು.

ಜುಲೈ 15ಕ್ಕೆ ಶುಕ್ಲಾ ಕ್ಯಾಲಿಫೋರ್ನಿಯಾದ ಕಡಲಲ್ಲಿ ಇಳಿದರು. ಮರುದಿನ ಹಿರಿಯರು ಕರೆದರು.

"ಮೊಳಕಿ ಒಡದಿದ್ದುವಂತ?"

"ಒಡದಿದ್ದುವಂತರಿ."

ಅವರು ತುಸು ಹೊತ್ತು ಬೀದಿ ನೋಡಿದರು. ಆಮೇಲೆ ಕೇಳಿದರು: "ಯಾರ ಹೊಲದ್ದು ಇದ್ದುವು ಆ ಕಾಳು?"