ಸಿಸ್ಟರ್ ಆಫೀಸರಾದರೆ

ಮಗಳು ನರ್ಸ್ ಆಗುತ್ತೇನೆಂದರೆ ಈಗ ಯಾರೂ ಮೂಗು ಮುರಿಯುವುದಿಲ್ಲ. ಸೈನ್ಯಕ್ಕೆ ಸೇರುತ್ತೇನೆಂದರೂ ಮೊದಲಿನಷ್ಟು ಗಾಬರಿಯಿಲ್ಲ. ಎರಡನ್ನೂ ಸೇರಿಸಿ ಒಂದೇ ಉಸಿರಿನಲ್ಲಿ ಹೇಳಿದಾಗ ಮಾತ್ರ ಮನೆಯಲ್ಲಿ ಒಂದು ಬಗೆಯ ಮೌನ ಕವಿಯುತ್ತದೆ. ನನ್ನ ತಮ್ಮನ ಮಗಳು ಪಿ.ಯು.ಸಿ. ಮುಗಿಸಿ ಮಿಲಿಟರಿ ನರ್ಸಿಂಗ್‌ಗೆ ಅರ್ಜಿ ಹಾಕುತ್ತೇನೆಂದಾಗ ಅವಳ ತಾಯಿ ನನ್ನ ಬಳಿ ಬಂದು ಕೇಳಿದ್ದು ಸಂಬಳವನ್ನಲ್ಲ, ರಜೆಯನ್ನೂ ಅಲ್ಲ. "ಅತ್ತಿಗೆ, ಗಾಯ ಮಾಡುವವರ ಜೊತೆಗಿದ್ದುಕೊಂಡು ಗಾಯ ಮಾಯಿಸುವುದು ಅಂದರೆ ಏನು? ಅದು ಸೇವೆಯೋ, ಯುದ್ಧವೋ?" ಎಂದಳು. ಹತ್ತನೆಯ ತರಗತಿಗೇ ಓದು ಬಿಟ್ಟವಳು. ಆದರೂ ಕೇಳಬೇಕಾದ್ದನ್ನೇ ಕೇಳಿದಳು.

ನಾನು ಮೂವತ್ತೊಂದು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿದ್ದು ನಿವೃತ್ತಳಾದವಳು. ನಮ್ಮ ಅರಸೀಕೆರೆಯ ಬೀದಿಯಲ್ಲಿ ನರ್ಸಿಂಗ್ ಓದುವ ಹುಡುಗಿಯರ ತಾಯಂದಿರೆಲ್ಲ ಒಮ್ಮೆ ನಮ್ಮ ಜಗಲಿಗೆ ಬಂದೇ ಬರುತ್ತಾರೆ. ಯಾವ ಕಾಲೇಜು, ಎಷ್ಟು ಫೀಸು, ನೈಟ್ ಡ್ಯೂಟಿ ಎಷ್ಟು ದಿನ ಎನ್ನುವುದಕ್ಕೆಲ್ಲ ನನ್ನ ಬಳಿ ಉತ್ತರವಿದೆ. ಈ ಪ್ರಶ್ನೆಗೆ ಮಾತ್ರ ತಕ್ಷಣ ಉತ್ತರವಿರಲಿಲ್ಲ.

ಮೊದಲು ಸಂಗತಿಯನ್ನು ತಿಳಿದುಕೊಳ್ಳೋಣ. ನಮ್ಮ ದೇಶದ ಮಿಲಿಟರಿ ನರ್ಸಿಂಗ್ ಸರ್ವಿಸ್ ಹಳೆಯ ಸಂಸ್ಥೆ. 1888ರ ಮಾರ್ಚ್‌ನಲ್ಲಿ ಹತ್ತು ಮಂದಿ ಇಂಗ್ಲಿಷ್ ನರ್ಸ್‌ಗಳು ಸೈನಿಕ ಆಸ್ಪತ್ರೆಗಳನ್ನು ನೋಡಿಕೊಳ್ಳಲು ಬೊಂಬಾಯಿಯಲ್ಲಿ ಬಂದಿಳಿದರು. ಅಲ್ಲಿಂದ ಇದರ ಕಥೆ ಶುರು. 1926ರಲ್ಲಿ ಅದು ಭಾರತದ್ದೇ ಆದ ಸರ್ವಿಸ್ ಆಯಿತು. 1943ರ ಸುಗ್ರೀವಾಜ್ಞೆಯ ಪ್ರಕಾರ ಇದಕ್ಕೆ ಸೇರಿದವರೆಲ್ಲ ಅಧಿಕಾರಿಗಳೇ. ಅಂದರೆ ಓದು ಮುಗಿಸಿ ಹೊರಬಂದ ಹುಡುಗಿಯ ಮೊದಲ ಹುದ್ದೆಯೇ ಲೆಫ್ಟಿನೆಂಟ್, ಹೆಗಲ ಮೇಲೆ ಎರಡು ನಕ್ಷತ್ರ. ನಾನು ಸರ್ವಿಸ್ ಪೂರ್ತಿ ಮಾಡಿದರೂ ನನ್ನ ಹೆಗಲ ಮೇಲೆ ಸೆರಗಿನ ಪಿನ್ನು ಬಿಟ್ಟರೆ ಏನೂ ಇರಲಿಲ್ಲ!

ಅಮೆರಿಕದಲ್ಲಿ ನರ್ಸ್ ಆದವಳು ಭೂಸೇನೆಯೋ, ನೌಕಾಪಡೆಯೋ, ವಾಯುಪಡೆಯೋ ಎಂದು ಮೊದಲೇ ಆರಿಸಿಕೊಳ್ಳಬೇಕು. ಮೂರಕ್ಕೂ ಬೇರೆ ಬೇರೆ ನರ್ಸ್ ಪಡೆಗಳು, ಬೇರೆ ಬೇರೆ ಊರುಗಳಲ್ಲಿ ಅಧಿಕಾರಿ ತರಬೇತಿ. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಒಬ್ಬರಿಗೆ, ರೋಡ್ ಐಲೆಂಡ್‌ನ ನ್ಯೂಪೋರ್ಟ್‌ನಲ್ಲಿ ಇನ್ನೊಬ್ಬರಿಗೆ, ಅಲಬಾಮಾದಲ್ಲಿ ಮತ್ತೊಬ್ಬರಿಗೆ. ಮೆರೀನ್ ಪಡೆಗೆ ಸ್ವಂತ ನರ್ಸ್‌ಗಳಿಲ್ಲ, ನೌಕಾಪಡೆಯವರೇ ಅವರನ್ನೂ ನೋಡಿಕೊಳ್ಳುತ್ತಾರೆ. ನಮ್ಮಲ್ಲಿ ಆ ಆಯ್ಕೆಯಿಲ್ಲ. ಸರ್ವಿಸ್ ಒಂದೇ, ವರ್ಗವಾದಂತೆ ಇಂದು ಭೂಸೇನೆಯ ಆಸ್ಪತ್ರೆ, ನಾಳೆ ಮುಂಬಯಿಯ ನೌಕಾಪಡೆ ಆಸ್ಪತ್ರೆ, ಆಮೇಲೆ ಬೆಂಗಳೂರಿನ ವಾಯುಪಡೆ ಕಮಾಂಡ್ ಆಸ್ಪತ್ರೆ. ನಮ್ಮ ಹುಡುಗಿಯರ ಆಯ್ಕೆ ಎಂದರೆ ಸೇರುವುದೋ ಬೇಡವೋ ಎಂಬುದೊಂದೇ.

ತರಬೇತಿಯೂ ಡೆಹ್ರಾಡೂನಿನ ಅಕಾಡೆಮಿಯಲ್ಲಲ್ಲ, ಆಸ್ಪತ್ರೆಯ ಅಂಗಳದಲ್ಲೇ. ಪುಣೆ, ಮುಂಬಯಿ, ಕೋಲ್ಕತ್ತ, ದೆಹಲಿ, ಲಕ್ನೋ, ಬೆಂಗಳೂರು, ಈ ಆರು ಊರುಗಳ ಸೈನಿಕ ನರ್ಸಿಂಗ್ ಕಾಲೇಜುಗಳಲ್ಲಿ ನಾಲ್ಕು ವರ್ಷದ ಬಿ.ಎಸ್‌ಸಿ. ನೀಟ್ ಅಂಕಗಳ ಮೇಲೆ ಕರೆ, ಆಮೇಲೆ ಸಂದರ್ಶನ, ವೈದ್ಯಕೀಯ ತಪಾಸಣೆ. ಹೊರಗೆ ನರ್ಸಿಂಗ್ ಮುಗಿಸಿದವರಿಗೆ ಶಾರ್ಟ್ ಸರ್ವಿಸ್ ಎಂಬ ಇನ್ನೊಂದು ಬಾಗಿಲೂ ಇದೆ. ಕಾಲೇಜಿನಲ್ಲಿ ಊಟ, ವಸತಿ, ಸಮವಸ್ತ್ರ, ಸ್ಟೈಪೆಂಡ್ ಎಲ್ಲ ಸರ್ಕಾರದ್ದು. ಬದಲಿಗೆ ಓದು ಮುಗಿದ ಮೇಲೆ ಸೇವೆ ಮಾಡುತ್ತೇನೆಂದು ಬಾಂಡ್ ಬರೆದುಕೊಡಬೇಕು.

ಇಲ್ಲಿಯೇ ನನಗೆ ಮೊದಲ ತೊಡಕು ಕಂಡದ್ದು. ನನ್ನ ತಮ್ಮನಿಗೆ ಇರುವುದು ಎರಡೆಕರೆ ತೆಂಗಿನ ತೋಟ, ಅದಕ್ಕೂ ನುಸಿ ರೋಗ. ಖಾಸಗಿ ಕಾಲೇಜಿನಲ್ಲಿ ಓದಿಸಬೇಕೆಂದರೆ ತೋಟದ ಮೇಲೆ ಸಾಲ ತೆಗೆಯಬೇಕು. ಹಾಗಿರುವಾಗ ಹದಿನೆಂಟರ ಹುಡುಗಿ "ದೇಶಸೇವೆ ಮಾಡುತ್ತೇನೆ" ಎಂದರೆ ಆ ಮಾತಿನಲ್ಲಿ ದೇಶ ಎಷ್ಟು, ತೋಟ ಎಷ್ಟು? ಅದನ್ನು ಬೇರ್ಪಡಿಸಿ ನೋಡಬೇಕೆಂದು ಕೆಲವರು ವಾದಿಸುತ್ತಾರೆ; ಬಡತನ ಮಾಡಿಸಿದ ಆಯ್ಕೆ ಆಯ್ಕೆಯೇ ಅಲ್ಲ ಎನ್ನುತ್ತಾರೆ. ಹೊಟ್ಟೆ ತುಂಬಿದವರ ವಾದವದು ಎಂದು ನನಗೆ ಅನ್ನಿಸುತ್ತದೆ. ಜಿ.ಎನ್.ಎಂ.ಗೆ ನಾನು ಸೇರಿದ್ದೂ ಸ್ಟೈಪೆಂಡ್ ಸಿಗುತ್ತದೆಂದೇ. ಫ್ಲಾರೆನ್ಸ್ ನೈಟಿಂಗೇಲ್ ಹೆಸರು ನನಗೆ ಗೊತ್ತಾದದ್ದು ಹಾಸ್ಟೆಲಿಗೆ ಹೋದ ಮೇಲೆ. ಯಾವ ಕಾರಣಕ್ಕೆ ಬಾಗಿಲು ದಾಟಿದೆವು ಎನ್ನುವುದಕ್ಕಿಂತ ದಾಟಿದ ಮೇಲೆ ಯಾರ ಮಾತು ಕೇಳಬೇಕಾಗುತ್ತದೆ ಎನ್ನುವುದು ಹೆಚ್ಚು ಗಂಭೀರವಾದ ವಿಚಾರ.

ನರ್ಸ್‌ಗೆ ರ‍್ಯಾಂಕ್ ಏಕೆ ಬೇಕು? ಸೀರೆಗೆ ಜರಿಯಂಚು ಇದ್ದ ಹಾಗೆ ಅಲಂಕಾರಕ್ಕೋ? ನನ್ನ ಸರ್ವಿಸಿನ ಒಂದು ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೆ ರೋಗಿಯ ಉಸಿರು ಕೆಡುತ್ತಿದೆ, ಆಕ್ಸಿಜನ್ ಸಿಲಿಂಡರ್ ತಾ ಎಂದು ವಾರ್ಡ್ ಬಾಯ್‌ಗೆ ಹೇಳಿದರೆ ಅವನು, "ಡಾಕ್ಟರ್ ಹೇಳಲಿ ಸಿಸ್ಟರ್" ಎಂದು ಮಗ್ಗುಲು ಬದಲಾಯಿಸುತ್ತಿದ್ದ. ಕೊನೆಗೆ ನಾನೇ ಉರುಳಿಸಿಕೊಂಡು ತಂದೆ. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ನರ್ಸ್‌ಗಳ ಗೋಳೂ ಇದೇ ಆಗಿತ್ತು. ಅವರಿಗೆ ಹುದ್ದೆಯಿಲ್ಲದ್ದರಿಂದ ಆಸ್ಪತ್ರೆಯ ಸಹಾಯಕ ಸೈನಿಕರು ಅವರ ಮಾತನ್ನು ಆಜ್ಞೆ ಎಂದು ಎಣಿಸುತ್ತಿರಲಿಲ್ಲ. 1920ರಲ್ಲಿ ಅವರಿಗೆ ಸಿಕ್ಕಿದ್ದು ಅರೆಬರೆ ರ‍್ಯಾಂಕ್, ಹೆಸರಿಗೆ ಹುದ್ದೆ, ಆದರೆ ಗಂಡಸರ ಸಂಬಳವಿಲ್ಲ. ಪೂರ್ಣ ಮತ್ತು ಕಾಯಂ ಕಮಿಷನ್ ಬರಲು 1947ರವರೆಗೆ ಕಾಯಬೇಕಾಯಿತು. ನಮ್ಮಲ್ಲಿ 1976ರಲ್ಲಿ ಗರ್ಟ್ರೂಡ್ ಆಲಿಸ್ ರಾಮ್ ಅವರು ಮೇಜರ್ ಜನರಲ್ ಆದರು. ಭಾರತದಲ್ಲಿ ಆ ಹುದ್ದೆಗೇರಿದ ಮೊದಲ ಹೆಂಗಸು ಬಂದೂಕು ಹಿಡಿದವರಲ್ಲ, ನರ್ಸ್! ಈ ಸಂಗತಿಯನ್ನು ಶಾಲೆಯ ಪುಸ್ತಕದಲ್ಲಿ ಹಾಕಿದರೆ ಏನು ನಷ್ಟವೋ ನನಗೆ ತಿಳಿಯದು. ರ‍್ಯಾಂಕ್ ಎಂದರೆ ರೋಗಿಯ ಪರವಾಗಿ ಹೇಳಿದ ಮಾತು ನಡೆಯುವುದಕ್ಕೆ ಬೇಕಾದ ಬಲ ಎಂದು ತಿಳಿದರೆ ಅದಕ್ಕೆ ನನ್ನ ಪೂರ್ತಿ ಒಪ್ಪಿಗೆಯಿದೆ.

ಆದರೆ ಅಧಿಕಾರಿಗೆ ಮೇಲಧಿಕಾರಿಯೂ ಇರುತ್ತಾನೆ. ಆಜ್ಞೆ ಕೊಡುವ ಹಕ್ಕಿನ ಬೆನ್ನಿಗೇ ಆಜ್ಞೆ ಪಾಲಿಸುವ ಕಟ್ಟು ಅಂಟಿಕೊಂಡಿರುತ್ತದೆ. ಅದು ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ಸೆಲೀನಾ ಜಾನ್ ಅವರ ಪ್ರಕರಣ ನೋಡಿ. ಮಿಲಿಟರಿ ನರ್ಸಿಂಗ್‌ನಲ್ಲಿ ಲೆಫ್ಟಿನೆಂಟ್ ಆಗಿದ್ದ ಅವರು ಮದುವೆಯಾದರು, ಅದೂ ಸೈನ್ಯದ ಅಧಿಕಾರಿಯನ್ನೇ. ಮದುವೆಯಾದರೆ ಸೇವೆಯಿಂದ ಬಿಡುಗಡೆ ಮಾಡಬಹುದು ಎಂಬ 1977ರ ನಿಯಮವೊಂದಿತ್ತು. ಅದರಂತೆ 1988ರಲ್ಲಿ ಅವರನ್ನು ಮನೆಗೆ ಕಳಿಸಿದರು. ಅವರ ಗಂಡನನ್ನು ಯಾರೂ ಕಳಿಸಲಿಲ್ಲ, ಆ ನಿಯಮ ನರ್ಸ್‌ಗಳಿಗೆ ಮಾತ್ರ. 1995ರಲ್ಲಿ ನಿಯಮವನ್ನು ಹಿಂತೆಗೆದುಕೊಂಡರು. ಕೋರ್ಟು, ನ್ಯಾಯಮಂಡಳಿ ಎಲ್ಲ ಅಲೆದು 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಲಿಂಗ ತಾರತಮ್ಯವೆಂದು ಕರೆದು 60 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. ಮೂವತ್ತಾರು ವರ್ಷ! ಆ 1988ರಲ್ಲಿ ನಾನು ಎರಡು ಮಕ್ಕಳನ್ನು ಅತ್ತೆಯ ಬಳಿ ಮಲಗಿಸಿ ನೈಟ್ ಡ್ಯೂಟಿಗೆ ಹೋಗುತ್ತಿದ್ದೆ; ಕಷ್ಟವಾಗುತ್ತಿತ್ತು, ಆದರೆ ಮದುವೆಯಾದದ್ದಕ್ಕೆ ಯಾರೂ ಕೆಲಸ ಕಿತ್ತುಕೊಳ್ಳಲಿಲ್ಲ. ಅಧಿಕಾರಿ ಎಂದು ಕರೆದ ಹೆಣ್ಣನ್ನು ತಾಳಿ ಕಟ್ಟಿಸಿಕೊಂಡ ಮರುದಿನ ಅಧಿಕಾರಿಯಲ್ಲ ಎಂದರೆ, ಆ ನಕ್ಷತ್ರ ಮೊದಲಿಂದಲೂ ಗಟ್ಟಿಯಾಗಿ ಹೊಲಿದದ್ದಲ್ಲ ಎಂದಾಯಿತಲ್ಲವೆ? ಇದನ್ನು ನಾನು ತಮ್ಮನ ಮಗಳಿಗೆ ಬಿಡಿಸಿ ಹೇಳಿದೆ.

ಅವಳು ಕೇಳಿದ್ದು ಬೇರೆ. "ಅತ್ತೆ, ಶತ್ರುಗಳ ಕಡೆಯವನನ್ನು ಗಾಯವಾಗಿ ತಂದು ಹಾಕಿದರೆ ನಾನೇನು ಮಾಡಬೇಕು?"

ಇದಕ್ಕೆ ಕಾನೂನಿನಲ್ಲಿ ಉತ್ತರ ಸ್ಪಷ್ಟವಾಗಿದೆ. 1949ರ ಜಿನೀವಾ ಒಪ್ಪಂದದ ಪ್ರಕಾರ ಗಾಯಾಳುವಿನಲ್ಲಿ ನಮ್ಮವನು, ಅವರವನು ಎಂಬ ಭೇದವಿಲ್ಲ. ಯಾರಿಗೆ ಮೊದಲು ಚಿಕಿತ್ಸೆ ಎನ್ನುವುದನ್ನು ಗಾಯದ ತೀವ್ರತೆ ಮಾತ್ರ ನಿರ್ಧರಿಸಬೇಕು. ಬದಲಿಗೆ ನರ್ಸ್ ಮೇಲೆ ಯಾರೂ ಗುಂಡು ಹಾರಿಸಬಾರದು, ಅವಳು ಸೆರೆಸಿಕ್ಕರೂ ಯುದ್ಧಕೈದಿಯಲ್ಲ. ಆತ್ಮರಕ್ಷಣೆಗೆ, ತನ್ನ ರೋಗಿಗಳ ರಕ್ಷಣೆಗೆ ಆಯುಧ ಇಟ್ಟುಕೊಳ್ಳಬಹುದು, ಅಷ್ಟೆ. ನಮ್ಮ ದೇಶವೂ ಇದಕ್ಕೆ ಒಪ್ಪಿ 1960ರಲ್ಲಿ ಕಾಯಿದೆ ಮಾಡಿದೆ. ಕಾಗದದ ಮಾತು ಎನ್ನುವಿರಾ? 2022ರ ಆಗಸ್ಟ್‌ನಲ್ಲಿ ಜಮ್ಮು-ಕಾಶ್ಮೀರದ ನೌಶೇರಾ ಗಡಿಯಲ್ಲಿ ದಾಳಿಗೆಂದು ನುಸುಳಿದವನೊಬ್ಬ ಗುಂಡೇಟು ತಿಂದು ಸಿಕ್ಕಿಬಿದ್ದ. ಅವನನ್ನು ರಜೌರಿಯ ಸೈನಿಕ ಆಸ್ಪತ್ರೆಗೆ ತಂದು ಶಸ್ತ್ರಚಿಕಿತ್ಸೆ ಮಾಡಿದರು. ನಮ್ಮ ಸೈನಿಕರೇ ಮೂರು ಬಾಟಲಿ ರಕ್ತ ಕೊಟ್ಟರು. ಕೆಲವು ದಿನಗಳ ನಂತರ ಅವನು ಹೃದಯಾಘಾತದಿಂದ ಸತ್ತ, ಆ ಮಾತು ಬೇರೆ.

ಇದು ಗಡಿಯಲ್ಲಿ ಮಾತ್ರ ಬರುವ ಪರೀಕ್ಷೆ ಎಂದು ತಿಳಿಯಬೇಡಿ. ಒಮ್ಮೆ ನನ್ನ ಡ್ಯೂಟಿಯಲ್ಲಿ ಹೆಂಡತಿಯನ್ನು ಮಚ್ಚಿನಿಂದ ಹೊಡೆದವನನ್ನೂ ಆ ಹೆಂಡತಿಯನ್ನೂ ಒಂದೇ ಜೀಪಿನಲ್ಲಿ ತಂದರು. ಅವನ ಅಂಗೈಯೂ ಸೀಳಿತ್ತು. ಅವಳನ್ನು ಥಿಯೇಟರಿಗೆ ಕಳಿಸಿ ಬಂದು ಅವನ ಕೈಗೆ ಡ್ರೆಸಿಂಗ್ ಮಾಡಿದೆ. ಪಕ್ಕದಲ್ಲಿ ಪೊಲೀಸ್ ಪೇದೆ, "ಅವನಿಗ್ಯಾಕೆ ಇಷ್ಟು ನಾಜೂಕು ಸಿಸ್ಟರ್, ಸ್ಪಿರಿಟ್ ಸುರೀರಿ" ಎಂದ. ನನ್ನ ಕೈ ಇಬ್ಬರಿಗೂ ಒಂದೇ ರೀತಿ ನಡೆಯಿತು. ಮುಖ ಒಂದೇ ರೀತಿ ಇತ್ತೆಂದು ಹೇಳಲಾರೆ. ಮುಖದ ಮೇಲೆ ಯಾವ ಒಪ್ಪಂದವೂ ಇಲ್ಲವಲ್ಲ.

ಇದಕ್ಕಿಂತ ಕಷ್ಟದ್ದು ಇನ್ನೊಂದು. ಶತ್ರುವನ್ನು ಉಳಿಸು ಎಂಬ ಆಜ್ಞೆಯನ್ನು ಪಾಲಿಸುವುದು ಸುಲಭ, ಅಲ್ಲಿ ಆಜ್ಞೆಯೂ ವೃತ್ತಿಯೂ ಒಂದೇ ಮಾತನಾಡುತ್ತವೆ. ಎರಡೂ ಎದುರುಬದುರಾದರೆ? ಗ್ವಾಂಟನಾಮೋ ಎಂಬಲ್ಲಿ ಅಮೆರಿಕದ ಸೈನಿಕ ಸೆರೆಮನೆಯಿದೆ. ಅಲ್ಲಿ ಉಪವಾಸ ಕೂತ ಕೈದಿಗಳನ್ನು ಕುರ್ಚಿಗೆ ಬಿಗಿದು ಮೂಗಿನ ಮೂಲಕ ಟ್ಯೂಬ್ ಇಳಿಸಿ ಆಹಾರ ಹಾಕುತ್ತಿದ್ದರು. 2014ರಲ್ಲಿ ನೌಕಾಪಡೆಯ ನರ್ಸ್ ಅಧಿಕಾರಿಯೊಬ್ಬರು ಇನ್ನು ನಾನು ಈ ಕೆಲಸ ಮಾಡಲಾರೆ ಎಂದುಬಿಟ್ಟರು. ಅವರನ್ನು ಅಲ್ಲಿಂದ ಹೊರಗೆ ಕಳಿಸಿದರು, ಸೇವೆಯಿಂದಲೇ ತೆಗೆಯುವ ಮಾತೂ ನಡೆಯಿತು. ಅಮೆರಿಕದ ನರ್ಸ್‌ಗಳ ಸಂಘ ಅವರ ಪರ ನಿಂತಿತು. 2015ರಲ್ಲಿ ನೌಕಾಪಡೆ ಆ ಕ್ರಮವನ್ನು ಕೈಬಿಟ್ಟಿತು. ನಾನು ನೂರಾರು ಜನಕ್ಕೆ ರೈಲ್ಸ್ ಟ್ಯೂಬ್ ಹಾಕಿದ್ದೇನೆ. ಅದೇ ಟ್ಯೂಬು, ಅದೇ ಅಳತೆ, ಅದೇ ಕೈಚಳಕ. ನುಂಗಲಾರದ ಮುದುಕನಿಗೆ ಹಾಕಿದರೆ ಶುಶ್ರೂಷೆ. ನುಂಗಬಲ್ಲವನು, ಬುದ್ಧಿ ನೆಟ್ಟಗಿರುವವನು ಬೇಡವೆಂದರೂ ಕಟ್ಟಿಹಾಕಿ ಹಾಕಿದರೆ ಅದಕ್ಕೆ ನಮ್ಮ ಕೇಸ್ ಶೀಟಿನಲ್ಲಿ ಬರೆಯುವ ಹೆಸರಿಲ್ಲ. ಆ ನರ್ಸ್ ಬೇಡವೆನ್ನಲು ಸಾಧ್ಯವಾದದ್ದು ತಾನು ಮೊದಲು ನರ್ಸ್, ಆಮೇಲೆ ಅಧಿಕಾರಿ ಎಂದು ತಿಳಿದದ್ದರಿಂದ ಎಂದು ನನಗೆ ತೋರುತ್ತದೆ. ಅಧಿಕಾರಿಯಾಗಿದ್ದದ್ದರಿಂದಲೇ ಆ ಮಾತಿಗೆ ತೂಕ ಬಂತು ಎನ್ನುವುದೂ ನಿಜ. ಹೊರಗುತ್ತಿಗೆಯ ನರ್ಸ್ ಒಬ್ಬಳು ಹಾಗೆಂದಿದ್ದರೆ ಮರುದಿನ ಬೇರೊಬ್ಬಳು ಬಂದಿರುತ್ತಿದ್ದಳು, ಸುದ್ದಿಯೂ ಆಗುತ್ತಿರಲಿಲ್ಲ.

ಆದರೂ ನನ್ನ ನಾದಿನಿಯ ಪ್ರಶ್ನೆ ಪೂರ್ತಿ ತೀರಲಿಲ್ಲ. ಸೈನಿಕನ ಗಾಯ ಮಾಯಿಸುವುದು ಅವನನ್ನು ಮತ್ತೆ ಗಡಿಗೆ ಕಳಿಸುವುದಕ್ಕೇ. ಜಿಲ್ಲಾ ಆಸ್ಪತ್ರೆಯಿಂದ ಬಿಡುಗಡೆಯಾದವನು ಹೊಲಕ್ಕೋ ಅಂಗಡಿಗೋ ಹೋಗುತ್ತಾನೆ. ಇವನು ಬಂದೂಕಿನ ಬಳಿಗೆ ಹೋಗುತ್ತಾನೆ. ಹಾಗಾದರೆ ನರ್ಸ್ ಯುದ್ಧಯಂತ್ರದ ಒಂದು ಗಾಲಿಯಲ್ಲವೆ ಎಂದು ಕೇಳಿದರೆ ಅಲ್ಲವೆನ್ನಲು ನನಗೆ ಧೈರ್ಯವಿಲ್ಲ. ನರ್ಸ್ ಇಲ್ಲದಿದ್ದರೆ ಯುದ್ಧ ನಿಲ್ಲುತ್ತದೆಯೆ? 1888ಕ್ಕೆ ಮೊದಲು ನಿಂತಿರಲಿಲ್ಲ. ಗಾಯಾಳುಗಳು ಕೀವು ತುಂಬಿ ಸಾಯುತ್ತಿದ್ದರು, ಅಷ್ಟೆ ವ್ಯತ್ಯಾಸ. ಈ ಉತ್ತರದಿಂದ ನನಗೆ ಸಮಾಧಾನ ಮುಕ್ಕಾಲು ಪಾಲು. ಉಳಿದ ಕಾಲು ಪಾಲನ್ನು ಹುಡುಗಿಯ ತಲೆಗೂ ಹಾಕಿದ್ದೇನೆ, ಸುಮ್ಮನೆ ಒಬ್ಬಳೇ ಏಕೆ ಹೊರಬೇಕು?

ತಾಯಿಗೆ ಇದನ್ನೆಲ್ಲ ಹೇಳಿದಾಗ, ಅವಳು ಕೊಬ್ಬರಿ ಸುಲಿಯುತ್ತಲೇ ಕೇಳಿಸಿಕೊಂಡು, "ಹಾಗಾದರೆ ನೀವು ಹೂಂ ಅಂತೀರೋ ಊಹೂಂ ಅಂತೀರೋ?" ಎಂದಳು. ಅರ್ಜಿ ನನ್ನದಲ್ಲ ಎಂದೆ. ಹುಡುಗಿ ಮೂರು ದಿನ ಯಾರೊಂದಿಗೂ ಮಾತಾಡಲಿಲ್ಲ. ನಾಲ್ಕನೆಯ ದಿನ ಸೈಬರ್ ಸೆಂಟರಿಗೆ ಹೋಗಿ ಅರ್ಜಿ ತುಂಬಿ ಬಂದಳು. ಬರುವಾಗ ಬಾಂಡಿನ ನಿಯಮಗಳನ್ನೂ ಪ್ರಿಂಟ್ ಹಾಕಿಸಿಕೊಂಡು ಬಂದು, ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಒಂದೊಂದಾಗಿ ಅರ್ಥ ಹೇಳಿ ಅತ್ತೆ ಎಂದು ಜಗಲಿಯ ಮೇಲೆ ಕುಳಿತಳು.