ತಿಳಿಯದಿರುವುದು ನಾಚಿಕೆಯೇ?

ಶ್ರೀ ನಾರಾಯಣಪಂಡಿತಾಚಾರ್ಯರ ಸುಮಧ್ವವಿಜಯದಲ್ಲಿ ಬರುವ ಬಾಲಕ ವಾಸುದೇವನ ಅಕ್ಷರಾಭ್ಯಾಸದ ಪ್ರಸಂಗವನ್ನು ಸಜ್ಜನರೆಲ್ಲರೂ ಕೇಳಿಯೇ ಇರುತ್ತೀರಿ. ನಿನ್ನೆ ಬರೆಸಿದ ಅಕ್ಷರಗಳನ್ನೇ ಇಂದೂ ಬರೆಸುವುದೇಕೆ ಎಂದು ಆ ಶಿಶು ತಂದೆಯನ್ನು ಕೇಳುತ್ತಾನೆ. ಅವತಾರಪುರುಷರಿಗೆ ಅದು ಶೋಭಿಸುವ ಮಾತು. ನಮ್ಮಂತಹ ಅಲ್ಪಮತಿಗಳಿಗಾದರೋ ನಿನ್ನೆಯ ಅಕ್ಷರವೇ ಇಂದು ಕೈಕೊಡುತ್ತದೆ. ಆದುದರಿಂದಲೇ ನಮ್ಮ ಪಾಠಶಾಲೆಗಳಲ್ಲಿ ‘ಅನುವಾದ’ವೆಂಬ ಪದ್ಧತಿಯನ್ನು ಹಿರಿಯರು ಉಳಿಸಿಕೊಂಡು ಬಂದಿರುವರು. ಇದು ಭಾಷಾಂತರವಲ್ಲ, ಗುರುಗಳು ಹೇಳಿದ ಪಾಠವನ್ನು ಶಿಷ್ಯನು ಅವರ ಮುಂದೆಯೇ ತನ್ನ ಬಾಯಿಂದ ತಿರುಗಿ ಒಪ್ಪಿಸುವುದು. ನಾಲಿಗೆ ಎಲ್ಲಿ ತಡವರಿಸುವುದೋ ಅಲ್ಲಿ ಅರ್ಥವಾಗಿಲ್ಲವೆಂಬುದು ಇಬ್ಬರಿಗೂ ಒಮ್ಮೆಗೇ ಗೊತ್ತಾಗುತ್ತದೆ.

ಪಾಠಶಾಲೆ ಮುಗಿಸಿ ಬಿ.ಎ. ತರಗತಿಗೆ ಸೇರಿದಾಗ ನಾನು ಈ ಅಭ್ಯಾಸವನ್ನು ಹೊಸ್ತಿಲಲ್ಲಿಯೇ ಬಿಟ್ಟೆ. ಅರ್ಥಶಾಸ್ತ್ರದ ಪಾಠ ತಲೆಗೆ ಹತ್ತುತ್ತಿರಲಿಲ್ಲ. ಅರ್ಚಕರ ಮಗ, ಶಾಸ್ತ್ರ ಓದಿದವನು, ಎದ್ದು ನಿಂತು ‘ತಿಳಿಯಲಿಲ್ಲ’ವೆಂದರೆ ನಕ್ಕಾರೆಂಬ ಭಯ. ತಲೆಯಾಡಿಸುತ್ತ ಕುಳಿತೆ, ಗೈಡನ್ನು ಕಂಠಪಾಠ ಮಾಡಿದೆ. ಪ್ರಶ್ನೆಯ ಮಾತು ತುಸು ಬದಲಾದುದೇ ತಡ, ಅನುತ್ತೀರ್ಣನಾದೆ. ತಂದೆಯವರಲ್ಲಿ, ಪ್ರಶ್ನಪತ್ರಿಕೆ ಬಹಳ ಕಠಿಣವಾಗಿತ್ತೆಂದು ಹೇಳಿದೆ. ಅನುತ್ತೀರ್ಣನಾದುದಕ್ಕಿಂತ ಆ ಮಾತೇ ನನ್ನನ್ನು ಇಂದಿಗೂ ಚುಚ್ಚುತ್ತಿದೆ. ತಿಳಿಯದುದು ದೋಷವಲ್ಲ, ಸರಿ. ತಿಳಿದವನಂತೆ ತಲೆಯಾಡಿಸಿದುದು ಅಸತ್ಯವಲ್ಲವೇ? ಬಾಯಿಯಿಂದ ಆಡದಿದ್ದ ಮಾತ್ರಕ್ಕೆ ಅದು ಸುಳ್ಳಲ್ಲವೆನ್ನಲು ನನಗೆ ಧೈರ್ಯವಿಲ್ಲ. ಕೆಲವರು ಇದನ್ನು ಗುರುಗಳ ಮುಂದಿನ ವಿನಯವೆನ್ನುವರು. ಗೀತೆಯಲ್ಲಿ ಭಗವಂತನು ಪ್ರಣಿಪಾತ ಮತ್ತು ಸೇವೆಗಳ ನಡುವೆ ಪರಿಪ್ರಶ್ನವನ್ನೂ ಇಟ್ಟಿರುವುದನ್ನು ಅವರು ಮರೆತಂತಿದೆ.

ಹಿರಿಯರ ಪದ್ಧತಿಗೆ ಹೊರಗಿನ ಸಾಕ್ಷಿ ಅನವಶ್ಯಕವಾದರೂ, ಯುವಕರು ಕೇಳುವರಾದ್ದರಿಂದ ಹೇಳುತ್ತೇನೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಓದಿದ್ದನ್ನೇ ಮತ್ತೆ ಓದಿದ ವಿದ್ಯಾರ್ಥಿಗಳಿಗೆ ಒಂದು ವಾರದ ಬಳಿಕ ನೂರಕ್ಕೆ 42ರಷ್ಟು ನೆನಪಿತ್ತು. ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಒಪ್ಪಿಸಿದವರಿಗೆ 56ರಷ್ಟು. ವಿನೋದವೆಂದರೆ ಐದು ನಿಮಿಷದ ಬಳಿಕ ಕೇಳಿದಾಗ ಮರಳಿ ಓದಿದವರೇ ಮುಂದಿದ್ದರು. ಪರೀಕ್ಷೆಯ ಹಿಂದಿನ ರಾತ್ರಿ ‘ಎಲ್ಲ ಬಂತು’ ಎನ್ನಿಸುವ ಭ್ರಮೆ ಇದೇ.

2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371ಜೆ ವಿಧಿಯು ನಮ್ಮ ಭಾಗದ ಮಕ್ಕಳಿಗೆ ಉನ್ನತ ಶಿಕ್ಷಣದಲ್ಲಿ ಸ್ಥಾನ ಒದಗಿಸಿದೆ. ಒಳಗೆ ಕುಳಿತು ಬಾಯಿ ಬಿಡುವ ಕೆಲಸ ಮಾತ್ರ ಮಕ್ಕಳದೇ.

ಹನುಮಸಾಗರ, ತಾವರಗೇರಾ, ದೋಟಿಹಾಳಗಳ ಕಡೆಯಿಂದ ಕುಷ್ಟಗಿಗೆ ಕಲಿಯಲು ಬರುವವರಿಗೆ ಬಸ್ಸಿಗೆ ಕಾಯುವ ಹೊತ್ತು ತಪ್ಪದು. ಹಾಗೆ ಕಾಯುತ್ತ ಗುಡಿಯ ಕಟ್ಟೆಯ ಮೇಲೆ ಮೊಬೈಲು ನೋಡುತ್ತಿದ್ದ ಹುಡುಗನಿಗೆ, “ಇವತ್ತಿನ ಪಾಠ ಅನುವಾದ ಮಾಡಪ್ಪ” ಎಂದೆ. ನಾಲ್ಕನೆಯ ವಾಕ್ಯಕ್ಕೆ ನಿಂತ. “ಮುಂದಿಂದು ತಿಳಿದಿಲ್ಲರಿ, ಆಚಾರ್ರ” ಎಂದ. ಸರ್ ಅವರನ್ನು ಕೇಳಿದೆಯಾ ಎಂದರೆ ತಲೆ ತಗ್ಗಿಸಿದ. ಮರುದಿನ ಸಂಜೆ ತಾನಾಗಿಯೇ ಕಟ್ಟೆಗೆ ಬಂದು ಐದನೆಯ ವಾಕ್ಯದಿಂದ ಆರಂಭಿಸಿದ. ಬಸ್ಸು ಬಂತು; ಓಡಿದ.