ಕಬ್ಬಿಣದ ಭಿಕ್ಷೆ

ಹಾಡಿದವನಿಗೆ ನಾವು ಕೊಡುವುದು ಭಿಕ್ಷೆಯೋ, ಕಾಣಿಕೆಯೋ, ಕೂಲಿಯೋ? ಈ ಪ್ರಶ್ನೆ ನಮ್ಮನ್ನು ಹಿಡಿದುಕೊಂಡದ್ದು ಪಾಂಡವಪುರ ತಾಲ್ಲೂಕಿನ ಒಂದು ಕೇರಿಯಲ್ಲಿ. ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲದ ಗೆಳೆಯರೂ ಸೇರಿ ಕವಿಗೋಷ್ಠಿ ಇಟ್ಟುಕೊಂಡಿದ್ದೆವು. ಕೊನೆಗೆ ಮಳವಳ್ಳಿ ಕಡೆಯ ಒಬ್ಬ ನೀಲಗಾರರ ಹಾಡು. ಚಿಕ್ಕಂದಿನಿಂದ ನಮಗೆ ಹುಚ್ಚು ಹಿಡಿಸಿದ ದನಿ ಅವರದು.

ಹಿಮ್ಮೇಳದವರು ಬರಲಿಲ್ಲ. ಕರೆಂಟೂ ಹೋಯ್ತು. ಅಜ್ಜ ಒಬ್ಬರೇ ತಂಬೂರಿ ಹೆಗಲಿಗೊರಗಿಸಿ, ಇನ್ನೊಂದು ಕೈಲಿ ಗಗ್ಗರ ಹಿಡಿದು ಕೂತರು. ಸೊಲ್ಲು ಹೇಳೋರಿಲ್ಲ, ತಾವೇ ಹಾಡಿ ತಾವೇ ಸೊಲ್ಲು ಕೊಟ್ಟುಕೊಂಡರು. ವಸಿ ಹೊತ್ತಿಗೆ ಜಗಲಿ ಮೇಲಿದ್ದ ಹೆಂಗಸರು ಸೊಲ್ಲು ಎತ್ತಿಕೊಂಡರು. ಆಮೇಲೆ ನಮ್ಮ ಬಾಯಿಂದಲೂ ಬಂತು. ಕಾಲೇಜಿನಲ್ಲಿ ಮರೆತೆವು ಅಂದುಕೊಂಡದ್ದು ಎಲ್ಲಿ ಅಡಗಿತ್ತೋ! ಕಥೆಯ ನಡುನಡುವೆ ಅಜ್ಜ ತಮ್ಮದೇ ಪದ ಕಟ್ಟಿ ಸೇರಿಸುತ್ತಿದ್ದರು. ಬತ್ತಿದ ನಾಲೆ, ಬಾರದ ಕಬ್ಬಿನ ಬಾಕಿ. ನಮ್ಮ ಪ್ಯಾಂಟುಗಳನ್ನೂ ಬಿಡಲಿಲ್ಲ.

ಅವತ್ತು ಹಾಡಿದ್ದು ಹಲಗೂರಿನ ಸಾಲು. ಪಾಂಚಾಳರ ಮನೆಯ ಕೆಂಪಾಚಾರಿಯನ್ನು ಮಂಟೇಸ್ವಾಮಿ ಸಿದ್ದಪ್ಪಾಜಿ ಮಾಡಿ, ಅವನ ಕುಲದವರ ಹತ್ತಿರಕ್ಕೇ ಭಿಕ್ಷೆಗೆ ಅಟ್ಟುತ್ತಾನೆ. ಬೇಡಬೇಕಾದದ್ದು ರಾಗಿಯಲ್ಲ, ಕಬ್ಬಿಣ. ಒಂದು ಸೇರು ರಾಗಿಯನ್ನು ಯಾರು ಬೇಕಾದರೂ ಜೋಳಿಗೆಗೆ ಸುರಿದಾರು. ಕೊಟ್ಟವನಿಗೆ ಏನೂ ಕಮ್ಮಿಯಾಗುವುದಿಲ್ಲ, ಪುಣ್ಯ ಬೇರೆ. ಕಬ್ಬಿಣ ಹಾಗಲ್ಲ, ಅದು ಕುಲುಮೆಯ ಬದುಕು. ಅದಕ್ಕೇ ಹಲಗೂರಿನವರು ಇಲ್ಲ ಅಂದರು, ವಿಷ ಕೊಟ್ಟರು.

ಹರಕೆಗೆ ಬಿಟ್ಟ ಗಂಡುಮಗ ದೀಕ್ಷೆ ಪಡೆದು ಬೇಡಿ ತಿನ್ನಬೇಕೆಂಬ ಕಟ್ಟಳೆಯನ್ನು ನಾವು ಸಭೆಗಳಲ್ಲಿ ಬೈದಿದ್ದೇವೆ. ಬೈದದ್ದು ತಪ್ಪಲ್ಲ. ಬೆಳಗಿನ ಜಾವ ಟೀ ಕುಡಿಯುತ್ತಾ ಕೇಳಿಯೇಬಿಟ್ಟೆವು: "ಅಜ್ಜ, ಈ ಭಿಕ್ಷೆ ಬಿಡಬಾರದಾ?"

"ನೀವು ಕೆಲಸಕ್ಕೆ ಅರ್ಜಿ ಹಾಕ್ತೀರಲ್ಲ, ಅದೇನ್ಲಾ?"

ನಕ್ಕೆವು. ಅರ್ಜಿ ಹಕ್ಕು, ಭಿಕ್ಷೆ ದೈನ್ಯ ಅಂತ ವಾದಿಸಬಹುದಿತ್ತು. ವಾದ ಗಂಟಲಲ್ಲೇ ನಿಂತಿತು. ಯಾಕೆಂದರೆ ಗೋಷ್ಠಿಯ ಕವಿಗಳಿಗೆ ಕವರಿನಲ್ಲಿ ಸಂಭಾವನೆ, ಬಸ್ ಚಾರ್ಜು ಕೊಟ್ಟಿದ್ದೆವು. ಅಜ್ಜನಿಗೆ ಶಾಲು, ಹಾರ, ತಟ್ಟೆಗೆ ಬಿದ್ದ ಚಿಲ್ಲರೆ. ಹತ್ತು ನಿಮಿಷ ಓದಿದವರಿಗೆ ಕೂಲಿ, ರಾತ್ರಿಯಿಡೀ ಹಾಡಿದವರಿಗೆ ಭಿಕ್ಷೆ. ಯಾವ ಜಮೀನ್ದಾರನೂ ಮಾಡಿಸಿದ್ದಲ್ಲ ಇದು. ಅಜ್ಜನ ಹಟ್ಟಿಯ ಮಕ್ಕಳೇ ಮಾಡಿದ್ದು. 1997ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಮಂಟೇಸ್ವಾಮಿ ಹಾಡನ್ನು ಮಹಾಕಾವ್ಯವೆಂದೇ ಅಚ್ಚು ಹಾಕಿತು. ನಾವೂ ಭಾಷಣದಲ್ಲಿ ಹಾಗೇ ಕರೆದೆವು. ಕರೆಯುವುದು ಸುಲಭ, ಅದು ರಾಗಿ. ವೇದಿಕೆ, ಅಚ್ಚು, ಲೆಕ್ಕದ ಪುಸ್ತಕ ಇವು ಓದಿದ ಮೇಲೆ ನಮ್ಮ ಕೈಗೆ ಬಂದ ಕಬ್ಬಿಣ. ಅದನ್ನು ಬಚ್ಚಿಟ್ಟುಕೊಂಡೇ ಶಾಲು ಹೊದಿಸಿದ್ದೆವು.

ಬಸ್ಸಿಗೆ ಕಾಯುವಾಗ ಅಜ್ಜ ಕರಪತ್ರ ತೆಗೆದು "ವಸಿ ಓದ್ಲಾ" ಅಂದರು. ಓದಿದೆವು. ನಮ್ಮ ಹನ್ನೊಂದು ಹೆಸರು, ಬಿ.ಎ. ಬಾಲದ ಸಮೇತ. ಕೆಳಗೆ, 'ನಂತರ ಜಾನಪದ ಗಾಯನ'.

"ಇದ್ರಲ್ಲಿ ನಾನೆಲ್ಲಿವ್ನಿ?"

ಆ ಕೊನೇ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆವು. ಅಜ್ಜ ಕರಪತ್ರ ಜೋಪಾನವಾಗಿ ಮಡಿಸಿ ಜೋಳಿಗೆಗೆ ಹಾಕಿಕೊಂಡರು.